ಹನ್ನೊಂದು ಗಂಟೆಯ ಮೆಟ್ಟಿಲು

ಬೆಳಗಿನ ತಿಂಡಿಯ ಹೊತ್ತಿನಲ್ಲಿ ಮೊಮ್ಮಗಳು ನಗುತ್ತಲೇ ಹೇಳಿದಳು: "ನಿನ್ನೆ ನಂಗೆ ಪುಕ್ಕಟೆ ಸವಾರಿ ಸಿಕ್ತು ತಾತ. ವಿಜ್ಞಾನ ಕಟ್ಟಡದ ಮೆಟ್ಟಿಲಲ್ಲಿ ಒಂದು ಮಹಡಿ ಪೂರ್ತಿ ಕಾಲು ನೆಲಕ್ಕೇ ತಾಗ್ಲಿಲ್ಲ. ಜನಾನೇ ಹೊತ್ಕೊಂಡು ಇಳಿಸಿಬಿಟ್ರು."

ತಾತನ ಕೈಯಲ್ಲಿದ್ದ ಲೋಟ ಬಾಯಿಗೆ ಹೋಗಲಿಲ್ಲ. "ಉಸಿರಾಡೋಕೆ ಆಯ್ತಾ?"

"ಸ್ವಲ್ಪ ಹೊತ್ತು ಆಗ್ಲಿಲ್ಲ. ಆಮೇಲೆ ಆಯ್ತು. ಅದಕ್ಯಾಕೆ ಮುಖ ಹಾಗೆ ಮಾಡ್ತೀಯ? ದಿನಾ ಇದ್ದದ್ದೇ."

ಅವಳು ಚೀಲ ಹೆಗಲಿಗೇರಿಸಿ ಹೊರಟುಹೋದಳು. ತಾತನ ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಂದಿನಿಂದ ಅವರು ದೇವರ ಮುಂದೆ ಕೈಮುಗಿದು ನಿಲ್ಲುತ್ತಿದ್ದರೇ ಹೊರತು ಏನನ್ನೂ ಬೇಡಿರಲಿಲ್ಲ. ಆ ದಿನ ಬೇಡಿದರು. ಈ ಒಂದು ಜೀವವನ್ನಾದರೂ ಉಳಿಸಿಕೊಡು ಎಂದರು. ಹಾಗೆನ್ನುವಾಗಲೇ ನಾಚಿಕೆಯಾಯಿತು. ದೇವರನ್ನು ಕೇಳುತ್ತಿದ್ದ ಕೆಲಸದ ಕಾಗದ ಕಚೇರಿಯಲ್ಲಿ ಅವರದೇ ಮೇಜಿನ ಮೇಲಿತ್ತು.

ಅವರು ಮೊಮ್ಮಗಳು ಓದುವ ವಿಶ್ವವಿದ್ಯಾಲಯದಲ್ಲೇ ಯೋಜನಾ ವಿಭಾಗದ ಅಧೀಕ್ಷಕರು. ಎಷ್ಟು ಜನಕ್ಕೆ ಎಷ್ಟು ಜಾಗ, ತರಗತಿ ಬಿಡುವು ಯಾವಾಗ ಎಂದು ಹೇಳುವ ಈಗಿನ ಯೋಜನೆ ಆರು ಸಾವಿರ ವಿದ್ಯಾರ್ಥಿಗಳಿದ್ದಾಗ ಬರೆದದ್ದು. ಈಗ ಇದ್ದವರು ಹತ್ತೊಂಬತ್ತು ಸಾವಿರ. ಹೆಸರು ದೂರದೂರಕ್ಕೆ ಹಬ್ಬಿತ್ತು, ಅರ್ಜಿಗಳು ರಾಶಿ ಬೀಳುತ್ತಿದ್ದವು. ಅವಧಿ ಮುಗಿದಾಗಲೆಲ್ಲ ಅಧೀಕ್ಷಕರು 'ಹಾಲಿ ಯೋಜನೆ ತೃಪ್ತಿಕರವಾಗಿದೆ, ಮುಂದುವರಿಸಬಹುದು' ಎಂದು ಟಿಪ್ಪಣಿ ಬರೆದು, ಮುಖಪುಟದ ಇಸವಿ ಬದಲಿಸಿ ಅಚ್ಚಿಗೆ ಕಳಿಸುತ್ತಿದ್ದರು. ಕಚೇರಿಯವರು ಅವರಿಗೆ 'ಇಸವಿ ಸಾಹೇಬ್ರು' ಎಂದು ಹೆಸರಿಟ್ಟಿದ್ದರು. ಅವರೂ ಜೊತೆಗೆ ನಗುತ್ತಿದ್ದರು.

ಆ ಯೋಜನೆಯಲ್ಲಿ ಒಂದು ಸಾಲಿತ್ತು. ಹನ್ನೊಂದಕ್ಕೆ ಎಲ್ಲ ವಿಭಾಗಗಳಿಗೂ ಒಮ್ಮೆಲೇ ಇಪ್ಪತ್ತು ನಿಮಿಷ ಬಿಡುವು ಕೊಡಬೇಕು, ಬೇರೆ ಬೇರೆ ಶಾಸ್ತ್ರ ಓದುವವರು ಅಂಗಳದಲ್ಲಿ ಬೆರೆಯಬೇಕು ಎಂದು. ಆರು ಸಾವಿರ ಜನಕ್ಕೆ ಅದು ಒಳ್ಳೆಯ ವಿಚಾರವೇ. ಜನ ಮೂರು ಪಟ್ಟಾದರೂ ಸಾಲು ಹಾಗೇ ಉಳಿಯಿತು. ಅತಿಥಿಗಳು ಬಂದರೆ ಆಡಳಿತ ಕಟ್ಟಡದ ಮೇಲಿನ ವರಾಂಡಕ್ಕೆ ಕರೆತಂದು, ಹನ್ನೊಂದಕ್ಕೆ ಹರಿದುಬರುವ ತಲೆಗಳನ್ನು ತೋರಿಸುವುದು ವಾಡಿಕೆಯಾಗಿತ್ತು. ನೋಡಿದವರು ಚಪ್ಪಾಳೆ ತಟ್ಟುತ್ತಿದ್ದರು.

"ಸಹಿ ಒಂದು ಹಾಕಿಬಿಡಿ ಸರ್," ಎಂದಳು ಗುಮಾಸ್ತೆ, ಆ ಬೆಳಿಗ್ಗೆ ಕಚೇರಿಯಲ್ಲಿ ಯೋಜನೆಯ ಕಾಗದ ಮುಂದಿಟ್ಟು. "ಹನ್ನೊಂದೂಕಾಲಿಗೆ ಆಡಳಿತ ಮಂಡಳಿ ಸಭೆ. ಇಸವಿ ನಾನೇ ತಿದ್ದಿದ್ದೀನಿ. ನಿಮಗಿದ್ದ ಒಂದೇ ಕೆಲಸಾನೂ ಕಿತ್ಕೊಂಡೆ."

ಅಧೀಕ್ಷಕರು ಸಹಿ ಹಾಕದೆ ಎದ್ದು ಕುಲಪತಿಗಳ ಕೋಣೆಗೆ ಹೋದರು. ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ 'ಆಗಲಿ ಸರ್' ಬಿಟ್ಟು ಬೇರೆ ಮಾತನ್ನು ಅವರು ಆಡಿರಲಿಲ್ಲ.

"ಹೊಸ ಯೋಜನೆ ಬೇಕು ಸರ್. ಇದು ಸಾಲದು."

ಕುಲಪತಿಗಳು ಕನ್ನಡಕ ತೆಗೆದರು. "ಏನ್ರೀ ಸಾಹೇಬ್ರೇ, ಆರೋಗ್ಯವಾಗಿರೋನಿಗೆ ಔಷಧಿ ಕುಡಿಸ್ತೀರಾ? ಇಷ್ಟು ಚೆನ್ನಾಗಿ ನಡೀತಿದೆ."

"ಚೆನ್ನಾಗಿ ನಡೀತಿರೋದಕ್ಕೇ ಭಯ ಸರ್. ಪ್ರತಿ ವರ್ಷ ಜನ ಹೆಚ್ಚಾಗ್ತಾರೆ. ಮೆಟ್ಟಿಲು ಅದೇ, ಪ್ರಯೋಗಾಲಯ ಅದೇ, ಮೇಷ್ಟ್ರುಗಳೂ ಅಷ್ಟೇ."

"ಹಾಗಾದ್ರೆ ಯಾರನ್ನ ಬೇಡ ಅನ್ನಲಿ, ಹೇಳಿ," ಕುಲಪತಿಗಳ ದನಿ ಗಡುಸಾಯಿತು. "ನನ್ನನ್ನ ಒಂದು ಕಾಲೇಜಿನ ಗೇಟಿಂದ ಜಾಗ ಇಲ್ಲ ಅಂತ ವಾಪಸ್ ಕಳಿಸಿದ್ರು. ನಮ್ಮಪ್ಪ ದಾರಿಯುದ್ದಕ್ಕೂ ಮಾತಾಡ್ಲಿಲ್ಲ. ಇನ್ನೊಬ್ಬ ಅಪ್ಪನಿಗೆ ನಾನು ಹಾಗೆ ಮಾಡೋದಿಲ್ಲ."

ಅದು ಸುಳ್ಳಲ್ಲವೆಂದು ಅಧೀಕ್ಷಕರಿಗೆ ಗೊತ್ತಿತ್ತು. ಅವರು ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು: "ಒಳಗೆ ಬಂದ ಮಕ್ಕಳು ಸಂಜೆ ಮನೆ ಸೇರಬೇಕಲ್ಲ ಸರ್."

ಕುಲಪತಿಗಳು ಗಡಿಯಾರ ನೋಡಿದರು. "ಬನ್ನಿ, ಸದಸ್ಯರೆಲ್ಲ ವರಾಂಡದಲ್ಲಿದ್ದಾರೆ. ಒಂದ್ಸಲ ಮೇಲಿಂದ ನೋಡಿದ್ರೆ ನಿಮ್ಮ ಹೆದರಿಕೆ ಹೋಗುತ್ತೆ."

"ಮೇಲಿಂದ ಬಹಳ ವರ್ಷ ನೋಡಿದ್ದೀನಿ. ಇವತ್ತು ನೀವು ನನ್ನ ಜೊತೆ ಆ ಮೆಟ್ಟಿಲಿಗೆ ಬನ್ನಿ."

ಕುಲಪತಿಗಳು ನಕ್ಕರು. ಹಳೆಯ ನೌಕರನ ಹಟವೆಂದು ಹೊರಟರು.

ಇಬ್ಬರೂ ವಿಜ್ಞಾನ ಕಟ್ಟಡದ ಮೊದಲ ಮಹಡಿಯ ತಿರುವಿನಲ್ಲಿ ಗೋಡೆಗೆ ಒರಗಿ ನಿಂತರು. ಬೆಲ್ಲು ಹೊಡೆಯಿತು. ಮೊದಲು ಮೇಲಿಂದ ನಗು ಕೇಳಿಸಿತು, ಆಮೇಲೆ ನೂರಾರು ಕಾಲುಗಳ ಸದ್ದು. ಮೂರನೇ ಮಹಡಿಯವರ ಬೆನ್ನಿಗೆ ಎರಡನೆಯವರು ಬಂದರು. ಅದೇ ತಿರುವಿನಲ್ಲಿ ಮೊದಲನೇ ಮಹಡಿಯವರು ಪಕ್ಕದಿಂದ ನುಗ್ಗಿದರು. ನಗು ನಿಂತಿತು. ಮಾತೂ ನಿಂತಿತು. ಬಟ್ಟೆಗೆ ಬಟ್ಟೆ ಉಜ್ಜುವ ಸದ್ದು ಮಾತ್ರ ಉಳಿಯಿತು. ಕೂಗಲು ಯಾರ ಎದೆಯಲ್ಲೂ ಗಾಳಿಯಿರಲಿಲ್ಲ.

ಗುಂಪು ಇಬ್ಬರನ್ನೂ ಗೋಡೆಯಿಂದ ಕಿತ್ತು ಒಳಗೆಳೆದುಕೊಂಡಿತು. ಕುಲಪತಿಗಳ ಎರಡೂ ಕೈ ಕೆಳಗೆ ಸಿಕ್ಕಿಕೊಂಡವು. ಬಾಯಿ ತೆರೆದಿತ್ತು, ಕಣ್ಣುಗಳು ಹೊರಗೆ ಬಂದಿದ್ದವು. ಅವರ ಭುಜಕ್ಕೆ ಕೆನ್ನೆಯೊತ್ತಿ ನಿಂತಿದ್ದ ಹುಡುಗಿಯೊಬ್ಬಳಿಗೆ ಅವರ ಗುರುತು ಹತ್ತಲಿಲ್ಲ. ಅವಳು ಬಿಡಿಬಿಡಿಯಾಗಿ ಹೇಳಿದಳು: "ಕೈ... ಎದೆ ಮುಂದೆ ತನ್ನಿ ಅಂಕಲ್. ಸ್ವಲ್ಪ ಜಾಗ ಆಗುತ್ತೆ. ಅಷ್ಟರಲ್ಲೇ ಉಸಿರಾಡಿ. ಹೊಸಬರಿಗೆಲ್ಲ ನಾವು... ಇದನ್ನೇ ಹೇಳ್ಕೊಡೋದು."

ನಾಲ್ಕು ನಿಮಿಷದಲ್ಲಿ ಮೆಟ್ಟಿಲು ಬರಿದಾಯಿತು. ಆ ದಿನವೂ ಯಾರೂ ಬೀಳಲಿಲ್ಲ. ಕುಲಪತಿಗಳು ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಎದೆ ನೀವಿಕೊಂಡರು.

"ಆ ಹುಡುಗಿ ನಮ್ಮಲ್ಲಿಗೆ ಬಂದು ಮೊದಲು ಕಲಿತದ್ದು ಇದನ್ನಾ?"

ಅಧೀಕ್ಷಕರು ಅವರ ಪಕ್ಕದಲ್ಲೇ ಕುಳಿತರು.

"ಹೊಸ ಯೋಜನೆ ಬರೆಯೋಕೆ ಎಷ್ಟು ದಿನ ಬೇಕು?"

"ಸರಿಯಾಗಿ ಬರೆದ್ರೆ ಒಂದು ವರ್ಷ ಸರ್."

"ಒಂದು ವರ್ಷ." ಕುಲಪತಿಗಳು ಮೇಲಿನ ತಿರುವಿನತ್ತ ನೋಡಿದರು. "ಇವರೆಲ್ಲ ಮತ್ತೆ ಹತ್ತೋದು ಯಾವಾಗ?"

"ಇನ್ನು ಹದಿನೈದು ನಿಮಿಷಕ್ಕೆ."

ಕುಲಪತಿಗಳು ಫೋನು ತೆಗೆದು ಮಂಡಳಿಯವರನ್ನೆಲ್ಲ ಅಲ್ಲಿಗೇ ಕರೆಸಿದರು. ಸದಸ್ಯರು ಏದುಸಿರು ಬಿಡುತ್ತ ಬಂದರು. "ಮೇಲಿಂದ ನಿಮ್ಮನ್ನ ಹುಡುಕಿದ್ವಿ, ಕಾಣ್ಲೇ ಇಲ್ಲ," ಎಂದರು ಒಬ್ಬರು.

"ಅಲ್ಲಿಂದ ಯಾರೂ ಕಾಣೋದಿಲ್ಲ," ಎಂದರು ಅಧೀಕ್ಷಕರು.

ಬಿಡುವು ಮುಗಿದಾಗ ಕುಲಪತಿಗಳು ಮೆಟ್ಟಿಲ ಬುಡದಲ್ಲಿ ಕೈ ಅಡ್ಡ ಹಿಡಿದು ನಿಂತಿದ್ದರು. "ಮೂರನೇ ಮಹಡಿಯವರು ಮೊದಲು. ಉಳಿದೋರು ನಿಲ್ಲಿ. ತಡವಾದ್ರೆ ಆಗ್ಲಿ, ಮೇಷ್ಟ್ರಿಗೆ ನಾನು ಹೇಳ್ತೀನಿ." ಹಿಂದಿನಿಂದ ಗುಂಪು ಒತ್ತುತ್ತಿತ್ತು. ಸದಸ್ಯರು ಒಬ್ಬರ ಕೈ ಒಬ್ಬರು ಹಿಡಿದು ತಡೆದರು. ಅಧೀಕ್ಷಕರು ತಿರುವಿನಲ್ಲಿ ನಿಂತು, ಒಂದು ನಿಮಿಷಕ್ಕೆ ಎಷ್ಟು ಮಕ್ಕಳು ಸರಾಗವಾಗಿ ಹತ್ತಬಲ್ಲರೆಂದು ಎಣಿಸತೊಡಗಿದರು. ಹೊಸ ಯೋಜನೆಗೆ ಮೊದಲು ಬೇಕಾದದ್ದು ಅದೇ.

"ತಾತ, ಇಲ್ಲೇನ್ ಮಾಡ್ತಿದ್ದೀಯ?" ಮೊಮ್ಮಗಳು ಪಕ್ಕದಲ್ಲೇ ನಿಂತಿದ್ದಳು.

ಎಣಿಕೆ ತಪ್ಪೀತೆಂದು ಅವರು ಬಾಯಿ ಬಿಡಲಿಲ್ಲ. ಮೇಲೆ ಹೋಗೆಂದು ಕೈಸನ್ನೆ ಮಾಡಿ, ಅವಳನ್ನೂ ಸೇರಿಸಿ ಎಣಿಸಿದರು.