ಎಲ್ಲರೂ ತಲೆ ತಗ್ಗಿಸಿದರು

ಹೊರದೇಶದವರು ಹೆದರದೆ ಬಂಡವಾಳ ಹಾಕಲಿ ಎಂದು ನಮ್ಮ ಫಿಜಿ ಸರ್ಕಾರ ಹೊಸ ಕಾನೂನು ತಂದಿತು. ಜಗಳ ಬಂದರೆ ಇಲ್ಲಿನ ಕೋರ್ಟಿಗೆ ಹೋಗುವಂತಿಲ್ಲ. ಎಲ್ಲೋ ದೂರದಲ್ಲಿ ಕೂತ ಮಧ್ಯಸ್ಥಗಾರ ಹೇಳಿದ್ದೇ ಕೊನೆಯ ಮಾತು. ಅವರ ಹೆದರಿಕೆ ಬಿಟ್ಟುಹೋಯಿತು, ನಮ್ಮೂರಿಗೆ ಬಂದು ವಕ್ಕರಿಸಿತು.

ಹೋಟೆಲ್ ಕಂಪನಿಯೊಂದು ನಮ್ಮ ಹವಳದ ದಿಬ್ಬ ಒಡೆದು ಹಡಗುಕಟ್ಟೆ ಕಟ್ಟುತ್ತೇನೆಂದಿತ್ತು. ವಿಚಾರಣೆಗೆ ಸಭಾಮನೆಯಲ್ಲಿ ಪರದೆ ಹಾಕಿದ್ದರು. ಪರದೆಯಲ್ಲಿ ಮಧ್ಯಸ್ಥಗಾರ. ಚಾಪೆಯ ಮೇಲೆ ಊರ ಮುಖ್ಯಸ್ಥರಾದ ನನ್ನ ಸೋದರಮಾವ ರಾತು ನೆಮಾನಿ ಮತ್ತು ಹಿರಿಯರು. ದುಭಾಷಿ ನಾನು, ಒಂದು ಮಾತೂ ಸೇರಿಸುವುದಿಲ್ಲವೆಂದು ಪ್ರಮಾಣ ಮಾಡಿದವಳು.

"ಆಕ್ಷೇಪ ಇರೋರು ಈಗಲೇ ಹೇಳಿ," ಎಂದ ಮಧ್ಯಸ್ಥಗಾರ. ನಾನು ಹಾಗೇ ಹೇಳಿದೆ.

ಎಲ್ಲರೂ ತಲೆ ತಗ್ಗಿಸಿದರು. ಅತಿಥಿಯ ಮುಖಕ್ಕೆ 'ಬೇಡ' ಅನ್ನದ ಜನ ನಾವು. ತಲೆ ತಗ್ಗಿಸಿ ಸುಮ್ಮನೆ ಕೂತರೆ, ಅದಕ್ಕಿಂತ ದೊಡ್ಡ 'ಬೇಡ' ನಮ್ಮಲ್ಲಿಲ್ಲ.

"ಮಾವ, ನಿಮ್ಮ ದಮ್ಮಯ್ಯ, ಬಾಯಿ ಬಿಟ್ಟು ಹೇಳಿ!"

ಪರದೆಯ ಪಕ್ಕ ಕುರ್ಚಿಯಲ್ಲಿದ್ದ ಕಂಪನಿಯ ವಕೀಲ ಎದ್ದು ನಿಂತ. "ನೋಡಿ, ದುಭಾಷಿ ಹೇಳಿಕೊಡ್ತಿದಾಳೆ!"

"ಸ್ವಾಮಿ, ಇಲ್ಲಿ ಸುಮ್ಮನಿರೋದು ಅಂದ್ರೆ..." ಎನ್ನುವಷ್ಟರಲ್ಲಿ ಆ ಕಡೆಯಿಂದ ನನ್ನ ಮೈಕು ಬಂದ್ ಮಾಡಿದರು. ಮಧ್ಯಸ್ಥಗಾರ ತುಸು ಹೊತ್ತು ಕಾದ. "ಯಾರ ಆಕ್ಷೇಪವೂ ಇಲ್ಲ," ಎಂದು ಬರೆದುಕೊಂಡ. ಪರದೆ ಕಪ್ಪಾಯಿತು.

ಇಂಗ್ಲಿಷ್ ಬಾರದ ಮಾವ ನನ್ನ ಬೆನ್ನು ತಟ್ಟಿದರು.

"ಯಾಕೇ ಹಿಂಗೆ ನಡುಗ್ತೀಯ, ಪುಕ್ಕಲಿ? ನಂಗೆ ಆ ಮನುಷ್ಯನ್ನ ನೋಡಿದ್ರೇ ಅಯ್ಯೋ ಅನ್ಸುತ್ತೆ. ನಾವೆಲ್ಲ ಸೇರಿ ಅಷ್ಟು ಜೋರಾಗಿ ಬೇಡ ಅಂದ್ಬಿಟ್ವಲ್ಲ!"