ಬಾಕಿ ಏಳು

"ಏ ಮುದುಕಿ, ಆ ಗಲೀಜು ಕಾಲು ಕರಿಹಲಗೆ ಹತ್ರ ತರಬೇಡ ಅಂತ ಎಷ್ಟು ಸಲ ಬೊಗಳಬೇಕು? ಪೇಪರ್ ಹಾಸ್ಕೊ. ಅದರ ಮೇಲೆ ನಿಂತು ಒರೆಸು."

ಗುಮಾಸ್ತ ಹೀಗೆ ಅಂದಾಗ ಬೆಳಗಿನ ಎಂಟು ಗಂಟೆ. ಹಿಂದಿನ ದಿನ ಸಂಜೆಯಿಂದ ಆ ಆಫೀಸು ಹಾಲಿನ ನೆಲವನ್ನು ನಾನು ಹದಿನಾಲ್ಕು ಸಲ ಒರೆಸಿದ್ದೆ. ಗಲೀಜು ಬರುತ್ತಿದ್ದುದು ಅವರ ಬೂಟುಗಳಿಂದ. ಇರಲಿ ಎಂದು ಹಿಂದಿನ ದಿನದ ಪೇಪರ್ ಹಾಸಿಕೊಂಡೆ. 'ಚಂಡಮಾರುತ ಎದುರಿಸಲು ಆಡಳಿತ ಸಜ್ಜು' ಎಂಬ ದಪ್ಪಕ್ಷರದ ಮೇಲೆ ನನ್ನ ಎಡಗಾಲು ಬಂತು.

"ಒರೆಸೋದು ನಿನ್ನ ಕೆಲಸ, ಬರೆಯೋದು ನನ್ನ ಕೆಲಸ. ನಾನು ಹೇಳಿದ್ದು ಬಿಟ್ಟು ಬೇರೆ ಅಕ್ಷರ ಮುಟ್ಟಿದ್ರೆ ಕೈ ಮುರೀತೀನಿ," ಎಂದು ಗುಮಾಸ್ತ ಸೀಮೆಸುಣ್ಣ ತೆಗೆದುಕೊಂಡ. ಡಸ್ಟರ್ ಮಾತ್ರ ಅವನು ಮುಟ್ಟುವುದಿಲ್ಲ. ಪುಡಿ ಹಾರಿದರೆ ಸೀನು ಬರುತ್ತದಂತೆ.

ಅದು ಸರ್ಕಾರಿ ಕಟ್ಟಡದ ಎರಡನೇ ಮಹಡಿ. ಬಾಗಿಲ ಮೇಲೆ 'ತುರ್ತು ಸಮನ್ವಯ ಕೇಂದ್ರ' ಎಂದು ಬರೆದ ಹೊಸ ಬಟ್ಟೆ ಕಟ್ಟಿದ್ದರು. ಒಳಗೆ ಹನ್ನೆರಡು ಇಲಾಖೆಗೆ ಹನ್ನೆರಡು ಮೇಜು. ರಸ್ತೆಯವರು ಕರೆಂಟಿನವರನ್ನು ಕೇಳಬೇಕು, ಕರೆಂಟಿನವರು ಪೊಲೀಸರನ್ನು ಕೇಳಬೇಕು, ಪೊಲೀಸರು ಕಾಫಿ ಎಲ್ಲಿ ಎಂದು ನನ್ನನ್ನು ಕೇಳುತ್ತಿದ್ದರು. ಗೋಡೆಯ ದೊಡ್ಡ ಪರದೆ ಗಾಳಿಯ ಮೊದಲ ಹೊಡೆತಕ್ಕೇ ಕಪ್ಪಾಗಿದ್ದರಿಂದ, ಉಗ್ರಾಣದ ಹಳೆಯ ಕರಿಹಲಗೆಯನ್ನು ಹೊತ್ತು ತಂದು ನಿಲ್ಲಿಸಿದ್ದರು. ಅದರಲ್ಲಿ ಮೂರು ಕಲಂ. ಜಾಗ, ಬಾಕಿ, ಮುಗಿದದ್ದು. ಬಾಕಿಯಲ್ಲಿ ಅಂಕಿ ಇದ್ದರೆ ಫೋನಿನ ಹುಡುಗಿ ಅದನ್ನು ನೋಡಿ ಚೀಟಿ ಬರೆದು ಸೀಲು ಒತ್ತುತ್ತಾಳೆ, ಚೀಟಿ ಕೆಳಗೆ ಹೋಗುತ್ತದೆ, ದೋಣಿ ಹೊರಡುತ್ತದೆ. ಬಾಕಿಯಲ್ಲಿ ಸೊನ್ನೆ ಇದ್ದರೆ ದೋಣಿಯಿಲ್ಲ. ಮೇಲ್ಗಡೆ ಮೂಲೆಯಲ್ಲಿ ಕೆಂಪು ಸುಣ್ಣದಿಂದ 'ಸಮುದ್ರದ ಉಬ್ಬರ, ಮಧ್ಯಾಹ್ನ 3.10' ಎಂದು ಬರೆದು ಸುತ್ತ ಗೆರೆ ಎಳೆದಿದ್ದರು.

ನಮ್ಮ ದಡದ ಕೇರಿಯದು ಐದನೇ ಸಾಲು. ಬಾಕಿ ಸೊನ್ನೆ, ಮುಗಿದದ್ದು ಎಂಬತ್ತಾರು. ಪಕ್ಕದಲ್ಲೊಂದು ಹಸಿರು ಗುರುತು. ರಾತ್ರಿಯೆಲ್ಲ ಗಾಳಿ ಕಿಟಕಿಯನ್ನು ಗುದ್ದುತ್ತಿದ್ದರೂ ಆ ಹಸಿರು ಗುರುತು ನೋಡಿಕೊಂಡು ನಾನು ನೆಮ್ಮದಿಯಾಗಿ ನೆಲ ಒರೆಸಿದ್ದೆ. ಮಗ, ಸೊಸೆ, ಮೊಮ್ಮಗಳು ಎಲ್ಲರೂ ಪರಿಹಾರ ಕೇಂದ್ರದ ಬೆಚ್ಚಗಿನ ಮೂಲೆಯಲ್ಲಿ ಮಲಗಿರುತ್ತಾರೆ ಅಂದುಕೊಂಡಿದ್ದೆ.

ಅವರಿಂದ ಸಹಿ ಹಾಕಿಸಿದವಳು ನಾನೇ.

ಹಿಂದಿನ ದಿನ ಮಧ್ಯಾಹ್ನ ಇದೇ ಗುಮಾಸ್ತ ಜೀಪಿನಲ್ಲಿ ಕೇರಿಗೆ ಬಂದಿದ್ದ. ಕೈಯಲ್ಲಿ ಎರಡು ಹಾಳೆ. "ಸಹಿ ಹಾಕಿ. ನಾಲ್ಕು ಗಂಟೆಗೆ ಲಾರಿ ಬರುತ್ತೆ, ಶಾಲೆಗೆ ಕರ್ಕೊಂಡು ಹೋಗ್ತೀವಿ," ಎಂದ. ನನ್ನ ಸೊಸೆ ಸೊಂಟದ ಮೇಲೆ ಕೈಯಿಟ್ಟು ಅಡ್ಡ ನಿಂತಳು.

"ಲಾರಿ ಮೊದಲು ಬರಲಿ. ಹತ್ತಿ ಕೂತ ಮೇಲೆ ಹಾಕ್ತೀವಿ."

"ಸುಮ್ನಿರೇ," ಎಂದೆ ನಾನು. "ಸರ್ಕಾರದ ಕಾಗದ. ಹತ್ತು ವರ್ಷದಿಂದ ಅವರ ಆಫೀಸು ಗುಡಿಸ್ತಿದೀನಿ, ನಂಗೊತ್ತಿಲ್ವಾ?"

ಮೇಲಿನ ಹಾಳೆಯನ್ನು ಬೆರಳಿಟ್ಟು ಓದಿದೆ. ಸ್ಥಳಾಂತರ ಮಾಡಬೇಕಾದವರ ಪಟ್ಟಿ. ಸರಿಯಾಗಿತ್ತು. ಸಹಿ ಹಾಕಬೇಕಾದದ್ದು ಕೆಳಗಿನ ಹಾಳೆಯಲ್ಲಿ. ಅದರ ತಲೆಬರಹ ಮೇಲಿನ ಹಾಳೆಯ ಅಡಿಯಲ್ಲಿ ಮುಚ್ಚಿತ್ತು. ಎತ್ತಿ ನೋಡಬೇಕಿತ್ತು. ನೋಡಲಿಲ್ಲ. ನನ್ನ ಗಮನವೆಲ್ಲ ಬೇರೆ ಕಡೆ ಇತ್ತು. ಗುಮಾಸ್ತ ಹೆಬ್ಬೆಟ್ಟಿನ ಮಸಿ ಡಬ್ಬಿ ತೆಗೆದಿದ್ದ. ನನಗೆ ರೇಗಿತು. "ಮಸಿ ಯಾಕೆ? ರಾತ್ರಿ ಶಾಲೇಲಿ ಅಕ್ಷರ ಕಲ್ತೋರೆಲ್ಲ ಮುಂದೆ ಬನ್ರೇ, ಕೈಯಲ್ಲಿ ಬರೀರಿ," ಎಂದು ಕೇರಿಯ ಹೆಂಗಸರನ್ನೆಲ್ಲ ಸಾಲು ನಿಲ್ಲಿಸಿದೆ. ಡ್ಯೂಟಿಗೆ ಹೊರಟಿದ್ದ ನಾನು ಆ ಎಂಬತ್ತಾರರ ಎಣಿಕೆಯಲ್ಲಿರಲಿಲ್ಲ, ಆದರೂ ಮೊದಲು ನಾನೇ ಬರೆದೆ. ನನ್ನ ಹೆಸರಿನಲ್ಲಿ ಎರಡು ಒತ್ತಕ್ಷರ ಇವೆ, ಹೊತ್ತಾಗುತ್ತದೆ.

"ಹೆಸರು ಬರೀತಿದೀಯೋ ಪೈರು ನಾಟಿ ಮಾಡ್ತಿದೀಯೋ?" ಎಂದ ಗುಮಾಸ್ತ. ಎಲ್ಲರೂ ನಕ್ಕರು. ನಾನೂ ನಕ್ಕೆ. ಸೊಸೆ ನಗಲಿಲ್ಲ. ನನ್ನ ಮುಖ ನೋಡಿ ತಾನೂ ಸಹಿ ಹಾಕಿದಳು.

ಆಮೇಲೆ ನಾನು ಡ್ಯೂಟಿಗೆ ಬಂದೆ. ಗಾಳಿ ನಿಲ್ಲುವವರೆಗೂ ಯಾರೂ ಮನೆಗೆ ಹೋಗಕೂಡದು ಎಂದು ಹುಕುಂ ಆಗಿತ್ತು.

*

ಒಂಬತ್ತೂವರೆಗೆ ಮೊದಲನೇ ಮೇಜಿನ ಫೋನು ಬಡಿದುಕೊಂಡಿತು. ಫೋನಿನ ಹುಡುಗಿಗೆ ಎರಡೂ ಕೈಯಲ್ಲಿ ಕೆಲಸ, ಅದಕ್ಕೇ ಮಾತು ಹೊರಗೆ ಕೇಳುವ ಹಾಗೆ ಗುಂಡಿ ಒತ್ತಿಟ್ಟಿದ್ದಳು.

"ತುರ್ತು ಕೇಂದ್ರ, ಹೇಳಿ."

"ಏನಮ್ಮ ಹೇಳೋದು, ಬೆಳಗ್ಗಿಂದ ಬೇರೆ ನಂಬರಿಗೆಲ್ಲ ಹೇಳೀ ಹೇಳೀ ಗಂಟಲು ಹರಿದೋಯ್ತು. ದಡದ ಕೇರಿ. ಎಂಬತ್ತಾರು ಜನ. ಕಕ್ಕಸಿನ ಮೇಲಿದೀವಿ."

ನನ್ನ ಕೈಯಲ್ಲಿದ್ದ ಒರೆಸುವ ಕೋಲು ನಿಂತಿತು. ಅದು ನನ್ನ ಸೊಸೆಯ ಗಂಟಲು.

"ಎಲ್ಲಿ ಅಂದ್ರಿ?"

"ಕಕ್ಕಸು ಕಣಮ್ಮ, ಕಕ್ಕಸು! ನಿಮ್ಮ ಸರ್ಕಾರ ಕಟ್ಟಿಸಿದ್ದು. ಇಡೀ ಕೇರಿಗೆ ತಾರಸಿ ಇರೋದು ಅದಕ್ಕೊಂದಕ್ಕೇ. ಅರ್ಧ ಜನ ಇದರ ಮೇಲೆ, ಇನ್ನರ್ಧ ಪಕ್ಕದ ಮಣ್ಣಿನ ಏರಿ ಮೇಲೆ. ಏರಿ ಬೆಲ್ಲದ ಥರ ಕರಗ್ತಾ ಇದೆ. ದೋಣಿ ಕಳ್ಸು."

ಹುಡುಗಿ ಕಾಗದ ತಿರುವಿದಳು. "ಅಕ್ಕಾ, ನೀವು ಪರಿಹಾರ ಕೇಂದ್ರದಲ್ಲಿದೀರಲ್ಲ?"

"ನಾನಾ?"

"ಹೌದು. ನಿನ್ನೆ ಐದು ಗಂಟೆಗೇ ಬಂದಿದೀರಿ. ನಿಮ್ಮ ಸಹಿ ಇದೆ. ತಿಂಡಿನೂ ತಗೊಂಡಿದೀರಿ."

ಸೊಸೆ ದನಿ ತಗ್ಗಿಸಿ ಕೇಳಿದಳು.

"ಏನು ತಿಂದೆ ಅಂತ ಬರೆದಿದೆ, ನೋಡಿ ಹೇಳು ತಾಯಿ. ಮಕ್ಕಳು ಕೇಳ್ತಾ ಇದಾವೆ."

"ಬ್ರೆಡ್ಡು. ಬಾಳೆಹಣ್ಣು."

"ತಲೆಗೆಷ್ಟು?"

"ಎರಡೆರಡು."

"ಯಾವ ಬೋಳಿಮಗ ತಿಂದ ನನ್ನ ಎರಡು ಹಣ್ಣನ್ನ? ಅವನ ಹೊಟ್ಟೆ ಸಿಡಿಯ! ಕೇಳು, ಬ್ಯಾಟರಿ ಸಾಯ್ತಾ ಇದೆ. ನಮ್ಮತ್ತೆ ಅಲ್ಲೇ ನೆಲ ಒರೆಸ್ತಾರೆ. ಲಾರಿ ಬರಲಿಲ್ಲ ಅಂತ ಅವರಿಗೆ ಹೇ..."

ಕಟ್ಟಾಯಿತು. ಹುಡುಗಿ ತಲೆಯೆತ್ತಿ ಹಾಲಿನ ತುಂಬ ಕಣ್ಣಾಡಿಸಿದಳು. ನೆಲ ಒರೆಸುವ ಅತ್ತೆ ಆ ಹಾಲಿನಲ್ಲಿ ನಾನೊಬ್ಬಳೇ ಇದ್ದೆ.

*

ದೊಡ್ಡ ಸಾಹೇಬರು ಕೆಟ್ಟವರಲ್ಲ. ಎರಡು ದಿನದಿಂದ ನಿದ್ದೆ ಮಾಡಿರಲಿಲ್ಲ. ಹನ್ನೆರಡು ಮೇಜನ್ನೂ ಹೊಂದಿಸುವುದು ಅವರ ಕೆಲಸ. ನನ್ನನ್ನು ಅಜ್ಜಿ ಎಂದೇ ಕರೆಯುತ್ತಿದ್ದರು. ಅವರ ಕುರ್ಚಿಯ ಪಕ್ಕ ಪೇಪರ್ ಹಾಸಿಕೊಂಡು ನಿಂತೆ. ಅವರು ಫೋನಿನಲ್ಲಿದ್ದರು. ಕ್ಲಬ್ಬಿನ ಕಾಂಪೌಂಡಿನ ಮೇಲೆ ಮರ ಬಿದ್ದಿದೆ, ಮೊದಲು ಅದನ್ನು ಕಡಿಸಬೇಕು. ಅದು ಮುಗಿದು ಇನ್ನೊಂದು ಫೋನು. ನಾಲ್ಕು ಗಂಟೆಗೆ ಮಂತ್ರಿಗಳು ಬರುತ್ತಾರೆ, ಕುರ್ಚಿಗೆ ಬಿಳಿ ಬಟ್ಟೆ ಹೊದಿಸಬೇಕು. ಮತ್ತೊಂದು ಫೋನು. ಫೋಟೋದವರಿಗೆ ಒಂದು ದೋಣಿ ಎತ್ತಿಡಬೇಕು. ಗೋಡೆ ಗಡಿಯಾರದಲ್ಲಿ ನಲವತ್ತು ನಿಮಿಷ ಹೋಯಿತು. ಹಳೇ ಅಭ್ಯಾಸ, ನನಗೆ ಕಾಯುವುದಕ್ಕೆ ಬರುತ್ತದೆ. ಆವತ್ತು ಬರದಿದ್ದರೆ ಚೆನ್ನಾಗಿತ್ತು.

"ಏನಜ್ಜಿ?"

ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು ಗುಮಾಸ್ತನನ್ನು ಕರೆದರು. ಗುಮಾಸ್ತ ಹಾಳೆ ತಂದ. ಅದರ ತಲೆಬರಹ ಆಗ ಕಂಡಿತು. 'ಪರಿಹಾರ ಕೇಂದ್ರದ ಹಾಜರಾತಿ' ಎಂದಿತ್ತು. ಅದರ ಕೆಳಗೆ, ಮೊದಲನೆಯದೇ ನನ್ನ ಹೆಸರು.

"ನೀವೇ ಸಹಿ ಹಾಕಿದೀರಲ್ಲ," ಎಂದರು ಸಾಹೇಬರು. "ಎಷ್ಟು ದುಂಡಗೆ ಬರೆದಿದೀರಿ."

"ಲಾರಿ ಬರಲೇ ಇಲ್ಲ ಸಾರ್."

"ಲಾರಿ ಬೇರೆ ಮೇಜಿಂದು. ನೋಡಿ ಅಜ್ಜಿ, ಬೆಳಗಿನ ವರದಿ ಮೇಲಕ್ಕೆ ಹೋಗಿಬಿಟ್ಟಿದೆ. ದಡದ ಕೇರಿ ನೂರಕ್ಕೆ ನೂರು ಅಂತ ಟೀವಿಲಿ ಓದಿಯೂ ಆಯ್ತು. ಈಗ ಬಾಕಿ ಅಂತ ಹಾಕಬೇಕಾದ್ರೆ, ಅವರು ಕೇಂದ್ರ ಬಿಟ್ಟು ವಾಪಸ್ ಹೋದರು ಅಂತ ಕೇಂದ್ರದ ಮುಖ್ಯಸ್ಥರು ಬರೆದುಕೊಡಬೇಕು."

ಫೋನಿನ ಹುಡುಗಿ ಅಲ್ಲಿಂದಲೇ ಹೇಳಿದಳು: "ಸಾರ್, ಆ ಶಾಲೆಗೆ ಬೀಗ ಹಾಕಿದೆ. ಬೀಗದ ಕೈ ಮುಖ್ಯಸ್ಥರ ಹತ್ರ, ಅಂದ್ರೆ ಅಲ್ಲಿನ ಮೇಷ್ಟ್ರ ಹತ್ರ ಇದೆ. ಮೇಷ್ಟ್ರನ್ನ ಬೇರೆ ಪರಿಹಾರ ಕೇಂದ್ರಕ್ಕೆ ಸ್ಥಳಾಂತರ ಮಾಡಿದಾರೆ."

ಸಾಹೇಬರು ಕಣ್ಣುಜ್ಜಿಕೊಂಡರು. "ಹಾಗಾದ್ರೆ ಅವರು ಬಂದ ಮೇಲೆ ಬರೆಸೋಣ."

"ಸಾರ್, ಮೂರು ಹತ್ತಕ್ಕೆ ಉಬ್ಬರ," ಎಂದೆ.

"ಗೊತ್ತು ಅಜ್ಜಿ. ನಾನೇ ಬರೆಸಿದ್ದು."

ಗುಮಾಸ್ತ ನನ್ನ ಕಾಲಿನ ಕೆಳಗಿನ ಪೇಪರನ್ನು ಬೂಟಿನಿಂದ ನೂಕಿದ. "ನಡಿ ನಡಿ. ಆ ಮುಂಡೇವು ಬೇಕಂತಲೇ ಹಿಂದಕ್ಕೆ ಹೋಗಿರ್ತವೆ. ಮನೆಗೆ ಎರಡು ಸಲ ಪರಿಹಾರ ಹೊಡ್ಕೊಳ್ಳೋಕೆ."

ಕಿಟಕಿಯಿಂದ ಕೆಳಗೆ ನೋಡಿದೆ. ಮೆಟ್ಟಿಲವರೆಗೂ ನೀರು. ನಾಲ್ಕು ದೋಣಿ ಕಂಬಕ್ಕೆ ಕಟ್ಟಿದ್ದವು. ಅದರಲ್ಲೊಂದು ಫೋಟೋದವರದು. ದೋಣಿಯವರು ಒಂದರೊಳಗೆ ಕೂತು ಇಸ್ಪೀಟು ಆಡುತ್ತಿದ್ದರು. ನಮ್ಮ ಕೇರಿಗೆ ಅಲ್ಲಿಂದ ಹತ್ತು ನಿಮಿಷದ ದಾರಿ.

ಫೋನು ಮತ್ತೆ ಬರಲಿಲ್ಲ.

*

ಒಂದೂವರೆಗೆ ಸಾಹೇಬರು, ಗುಮಾಸ್ತ, ಹನ್ನೊಂದು ಮೇಜಿನವರು ಪಕ್ಕದ ಕೋಣೆಗೆ ಹೋದರು. ಮೇಲಿನವರ ಜೊತೆ ವಿಡಿಯೋದಲ್ಲಿ ಸಭೆ. ಹೋಗುವಾಗ ಗುಮಾಸ್ತ ನನಗೆ ಹೇಳಿದ:

"ಮುಗಿದ ಸಾಲೆಲ್ಲ ಒರೆಸಿಬಿಡು. ಮಂತ್ರಿಗಳು ಬಂದಾಗ ಹಲಗೆ ಚೊಕ್ಕಟವಾಗಿರಬೇಕು. ಬಾಕಿ ಇರೋ ಸಾಲು ಮಾತ್ರ ಬಿಡು."

ಬಾಗಿಲು ಮುಚ್ಚಿತು. ಡಸ್ಟರ್ ತೆಗೆದುಕೊಂಡೆ. ಮೊದಲನೇ ಸಾಲು ಒರೆಸಿದೆ. ಎರಡನೇದು ಒರೆಸಿದೆ. ಹೀಗೇ ಒರೆಸುತ್ತ ಐದನೇದಕ್ಕೆ ಬಂದು ನಿಂತೆ. ಇದನ್ನೂ ಒರೆಸಿದರೆ ದಡದ ಕೇರಿ ಎಂಬ ಹೆಸರೂ ಇರುವುದಿಲ್ಲ.

ಆ ಸಾಲಿನಲ್ಲಿ ಎರಡು ಕಡೆ ಮಾತ್ರ ಒರೆಸಿದೆ. ಮುಗಿದದ್ದು ಎಂಬಲ್ಲಿ ಎಂಬತ್ತಾರು ಮತ್ತು ಹಸಿರು ಗುರುತು. ಬಾಕಿ ಎಂಬಲ್ಲಿ ಸೊನ್ನೆ. ಸೀಮೆಸುಣ್ಣ ತೆಗೆದುಕೊಂಡು ಬಾಕಿಯ ಕೆಳಗೆ 86 ಎಂದು ಬರೆದೆ. ಅಂಕಿ ಬರೆಯುವುದಕ್ಕೆ ನನಗೆ ಅಷ್ಟು ಹೊತ್ತು ಬೇಡ.

ಹಿಂದೆ ತಿರುಗಿದರೆ ಫೋನಿನ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಮುಚ್ಚಿದ ಬಾಗಿಲ ಕಡೆ ಒಂದು ಸಲ ನೋಡಿದಳು.

"ಹಲಗೇಲಿ ಇರೋದನ್ನ ನಕಲು ಮಾಡೋದಷ್ಟೇ ನನ್ನ ಕೆಲಸ," ಎಂದು ಚೀಟಿ ಪುಸ್ತಕ ಎಳೆದುಕೊಂಡಳು. "ಅಜ್ಜಿ, ಇಲ್ಲಿ 'ಇಳಿಸುವ ಜಾಗ' ಅಂತಿದೆ. ಶಾಲೆಗೆ ಬೀಗ. ಏನು ಬರೀಲಿ?"

"ಇಲ್ಲಿಗೇ ಅಂತ ಬರಿ."

ಬರೆದಳು. ಸೀಲು ಒತ್ತಿದಳು. ಚೀಟಿ ಹಿಡಿದು ನಾನೇ ಇಳಿದೆ. ದೋಣಿಯವನು ಸೀಲು ನೋಡಿ ಇಸ್ಪೀಟು ಕೆಳಗಿಟ್ಟ.

"ಬೆಳಗ್ಗೇನೇ ಕೊಡಬಾರದಿತ್ತಾ ಅಮ್ಮ, ಸುಮ್ನೆ ಕೂತಿದ್ವಲ್ಲ," ಎಂದ.

ನಾಲ್ಕೂ ಹೊರಟವು. ಫೋಟೋದವರದೂ.

*

ಎರಡು ಸಲ ಹೋಗಿ ಬಂದವು. ಹುಡುಗಿ ಮೆಟ್ಟಿಲ ಬಾಯಲ್ಲಿ ಕೂತು ಪೆನ್ಸಿಲಿನಿಂದ ಗೆರೆ ಎಳೆದಳು. ಕೇರಿ ಮೇಲಕ್ಕೆ ಬಂತು. ಒದ್ದೆ ಹೆಂಗಸರು, ಹೆಗಲ ಮೇಲಿನ ಮುದುಕರು, ಕೆಸರಿನ ಮಕ್ಕಳು. ನಾನು ಹದಿನೆಂಟನೇ ಸಲ ಒರೆಸಿದ್ದ ನೆಲ ಒಂದು ಗಳಿಗೆಯಲ್ಲಿ ಹೊಂಡವಾಯಿತು. ಸೊಸೆ ಕೊನೆಯ ದೋಣಿಯಲ್ಲಿ ಬಂದಳು, ಮೊಮ್ಮಗಳನ್ನು ಸೊಂಟಕ್ಕೆ ಸೀರೆಯಲ್ಲಿ ಬಿಗಿದುಕೊಂಡು. ಅವಳ ಹಿಂದೆ ಮೆಟ್ಟಿಲು ಖಾಲಿ ಇತ್ತು. ನಾನು ಖಾಲಿ ಮೆಟ್ಟಿಲನ್ನೇ ನೋಡುತ್ತ ನಿಂತೆ.

ನನ್ನ ಮಗನನ್ನು ಕೇರಿಯವರು ಮುಳುಗ ಎಂದು ಕರೆಯುತ್ತಾರೆ. ಊರಿನ ಚರಂಡಿ ಗುಂಡಿಗಳಿಗೆ ಇಳಿದು ಕಟ್ಟಿಕೊಂಡದ್ದನ್ನು ಬಿಡಿಸುವವನು.

"ಹತ್ತೂಕಾಲಿಗೆ ಏರಿ ಕುಸೀತು," ಎಂದಳು ಸೊಸೆ. "ಆರು ಜನ ಹೋದ್ರು. ತರ್ತೀನಿ ಇರು ಅಂತ ಇವರು ಧುಮುಕಿದ್ರು."

ಹತ್ತೂಕಾಲಿಗೆ ನಾನು ಸಾಹೇಬರ ಪಕ್ಕ ಪೇಪರಿನ ಮೇಲೆ ನಿಂತಿದ್ದೆ. ಕುರ್ಚಿಗೆ ಬಿಳಿ ಬಟ್ಟೆಯ ಮಾತು ನಡೆಯುತ್ತಿತ್ತು.

"ನಾನೇ ನಿನ್ನ ಕೈಲಿ ಸಹಿ ಹಾಕಿಸ್ದೆ," ಎಂದೆ.

"ಹೌದು," ಎಂದಳು ಅವಳು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಹುಡುಗಿ ಗೆರೆ ಎಣಿಸಿದಳು. ಎಪ್ಪತ್ತೊಂಬತ್ತು. ನಾನು ಹಲಗೆಯ ಹತ್ತಿರ ಹೋಗಿ ಎಂಬತ್ತಾರು ಒರೆಸಿ, ಮುಗಿದದ್ದು ಎಂಬಲ್ಲಿ 79 ಬರೆದೆ. ಬಾಕಿ ಎಂಬಲ್ಲಿ 7 ಬರೆದೆ. ದೊಡ್ಡದಾಗಿ ಬರೆದೆ.

ಆಗಲೇ ಬಾಗಿಲು ತೆರೆದದ್ದು. ಸಾಹೇಬರು ಹೊಸ್ತಿಲಲ್ಲೇ ನಿಂತರು.

"ಇವರೆಲ್ಲ ಯಾರು?"

"ನಿಮ್ಮ ಪಟ್ಟಿಯವರೇ ಸಾರ್," ಎಂದಳು ಸೊಸೆ. "ನಿನ್ನೆ ಐದು ಗಂಟೆಯಿಂದ ಪರಿಹಾರ ಕೇಂದ್ರದಲ್ಲಿದೀವಿ. ತಲೆಗೆ ಎರಡು ಹಣ್ಣು ತಿಂದಿದೀವಂತೆ. ಸಿಪ್ಪೆನಾದ್ರೂ ತೋರ್ಸಿ."

ಗುಮಾಸ್ತನ ಕಣ್ಣು ಹಲಗೆಗೆ ಹೋಯಿತು. "ಯಾವಳೇ ಅದನ್ನ ಬರೆದೋಳು? ಅಳಿಸು! ಸಾರ್, ಬೆಳಗಿನ ವರದಿ ನೂರಕ್ಕೆ ನೂರು ಅಂತಿದೆ. ಇದು ಏಳು ಅಂತಿದೆ. ಏ ಮುದುಕಿ, ಒರೆಸು ಅದನ್ನ!"

"ಅಜ್ಜಿ," ಎಂದರು ಸಾಹೇಬರು ಮೆತ್ತಗೆ, "ಇನ್ನೊಂದು ಗಂಟೆಲಿ ಮಂತ್ರಿಗಳು ಬರ್ತಾರೆ. ಏಳು ಅಂತ ಇದ್ರೆ ಯಾರು ಏಳು ಅಂತ ಕೇಳ್ತಾರೆ."

"ಕೇಳಲಿ ಸಾರ್. ಹೆಸರು ಹೇಳ್ತೀನಿ. ಏಳೂ ಬಾಯಿಗೆ ಬರುತ್ತೆ."

"ಒರೆಸೇ!" ಎಂದು ಗುಮಾಸ್ತ ಕಿರುಚಿದ.

ಡಸ್ಟರ್ ನನ್ನ ಕೈಯಲ್ಲೇ ಇತ್ತು. ಅದನ್ನು ಬಕೆಟ್ಟಿನ ಕೆಸರು ನೀರಿಗೆ ಹಾಕಿ, ಹಲಗೆಯ ಬುಡದಲ್ಲಿ ಕೂತೆ.

"ಒರೆಸೋದು ನನ್ನ ಕೆಲಸ ಅಂತ ನೀವೇ ಹೇಳಿದೀರಿ. ನಾನು ಒರೆಸಲ್ಲ."

ಸೊಸೆ ಬಂದು ಪಕ್ಕದಲ್ಲಿ ಕೂತಳು. ಅವಳ ಹಿಂದೆ ಕೇರಿಯವರು ಒಬ್ಬೊಬ್ಬರಾಗಿ ಬಂದು ಹಲಗೆಯಿಂದ ಬಾಗಿಲವರೆಗೂ ಕೂತರು. ಗುಮಾಸ್ತ ತಾನೇ ಅಳಿಸಲು ಹೊರಟು ಒಂದು ಕಾಲು ಎತ್ತಿದ. ಇಡಲು ಜಾಗವಿರಲಿಲ್ಲ. ಎಲ್ಲ ಕಡೆ ಮೈ, ಮೈಯ ಕೆಳಗೆ ಕೆಸರು.

"ಪೇಪರ್ ಹಾಸ್ಕೊಂಡು ಬನ್ನಿ ಸಾರ್," ಎಂದಳು ಸೊಸೆ.

ಗಡಿಯಾರ ಮೂರು ಹತ್ತು ತೋರಿಸುತ್ತಿತ್ತು. ಕೆಳಗೆ ನೀರು ಇನ್ನೊಂದು ಮೆಟ್ಟಿಲು ಏರಿದ ಸದ್ದಾಯಿತು. ಫೋನಿನ ಹುಡುಗಿ ಯಾರ ಮುಖವನ್ನೂ ನೋಡದೆ ಹಲಗೆಯನ್ನೊಮ್ಮೆ ನೋಡಿ, ಹೊಸ ಚೀಟಿ ಎಳೆದುಕೊಂಡು, ದಡದ ಕೇರಿ, ಬಾಕಿ ಏಳು ಎಂದು ಬರೆದು ಸೀಲು ಒತ್ತಿದಳು.