ಎಡಕ್ಕೆ ವಾಲುವ ಒಲಾಂಗೊ

ಒಲಾಂಗೊ ನೆಟ್ಟಗೆ ನಡೆದದ್ದನ್ನು ಕೀನ್ಯಾದ ಕಿಸುಮುವಿನಲ್ಲಿ ಯಾರೂ ಕಂಡಿಲ್ಲ. ಎಡಗಡೆ ಸದಾ ಯಾರೋ ಒಬ್ಬರಿದ್ದಾರೆಂಬಂತೆ, ಅವರ ಕಿವಿಗೊಂದು ಚುಚ್ಚುಮಾತು ಹಾಕದೆ ಬಿಡೆನೆಂಬಂತೆ, ಆ ಕಡೆಗೇ ವಾಲಿಕೊಂಡು ನಡೆಯುವುದು ಅವನ ಜಾಯಮಾನ. ಸರೋವರದ ದಡದಲ್ಲಿ ಮೀನು ತೂಗುವ ಈ ನಲವತ್ತರ ಮನುಷ್ಯನ ಕಂದು ಕೋಟಿನ ಜೇಬಿನಲ್ಲಿ, ಕರವಸ್ತ್ರದಲ್ಲಿ ಸುತ್ತಿದ, ವಿಡಿಯೊ ಗೇಮ್ ಆಡುವ ಪ್ಯಾಡೊಂದು ಇರುತ್ತಿತ್ತು. ಮೀನಿನ ವಾಸನೆ ಅದನ್ನೂ ಬಿಟ್ಟಿರಲಿಲ್ಲ.

ಆ ವಾಲಾಟ ಅವನಿಗೆ ಅಂಟಿದ್ದು ಅಕೆಯೊ ಅಕ್ಕನ ಆಟದಂಗಡಿಯಲ್ಲಿ. ಅಲ್ಲಿದ್ದದ್ದು ಒಂದು ಟೀವಿ, ಒಂದು ಗೇಮ್ ಕನ್ಸೋಲ್, ಒಂದು ಬೆಂಚು. ಇಬ್ಬರು ಭುಜಕ್ಕೆ ಭುಜ ತಾಗಿಸಿ ಕುಳಿತು ಪರದೆಯ ಮೇಲೆ ಫುಟ್‌ಬಾಲ್ ಆಡಬೇಕು. ಶನಿವಾರದ ಪಂದ್ಯ ಗೆದ್ದವರ ಹೆಸರು ಸೀಮೆಸುಣ್ಣದಲ್ಲಿ ಬಾಗಿಲನ್ನೇರುತ್ತದೆ. ಅದು ಇಳಿಯಬೇಕಾದರೆ ಆ ಹೆಸರಿನವರೇ ಕೈಯಾರೆ ಒರೆಸಿ, ತಮ್ಮನ್ನು ಸೋಲಿಸಿದವರ ಹೆಸರನ್ನು ಬರೆಯಬೇಕೆಂಬುದು ಅಲ್ಲಿಯ ಕಟ್ಟಳೆ. ಆರು ವರ್ಷ ಒಲಾಂಗೊನ ಹೆಸರು ಅಲುಗಿರಲಿಲ್ಲ. ಬೆಳಿಗ್ಗೆ ದಡಕ್ಕೆ ಹೋಗುವಾಗ ದಾರಿ ಬಳಸಾದರೂ ಸರಿಯೇ, ಆ ಬಾಗಿಲನ್ನೊಮ್ಮೆ ನೋಡಿಯೇ ಹೋಗುತ್ತಿದ್ದ.

ಹೋದ ವರ್ಷ ಕನ್ಸೋಲ್ ಕೆಟ್ಟು ಕೂತಿತು. ಅಕೆಯೊ ಅಕ್ಕ ಮುಚ್ಚಿಹೋದ ಕಚೇರಿಯೊಂದರ ಕಂಪ್ಯೂಟರುಗಳನ್ನು ತಂದು ಉದ್ದ ಮೇಜಿನ ಎರಡೂ ಬದಿಗೆ ಜೋಡಿಸಿದಳು. ಒಬ್ಬೊಬ್ಬರಿಗೂ ಒಂದು ಪರದೆ, ಆಡಲು ಒಂದು ಕೀಬೋರ್ಡ್, ಕಿವಿ ಮುಚ್ಚುವ ಒಂದು ಹೆಡ್‌ಫೋನ್. ವಾರದ ನಡುವಿನ ಲೆಕ್ಕಕ್ಕಿಲ್ಲದ ಆಟಗಳಲ್ಲಿ ಒಲಾಂಗೊ ಸೋಲತೊಡಗಿದ. ಅದೂ ಕೋರ್ಟಿನ ಮುಂದೆ ಅರ್ಜಿ ಟೈಪ್ ಮಾಡುವ ಅಪೊಂಡಿಯೆಂಬ ಹುಡುಗಿಯ ಕೈಯಲ್ಲಿ.

“ಏನಣ್ಣಾ, ಹೆಬ್ಬೆರಳಿಗೆ ರಜಾನಾ?” ಎಂದು ಅವಳು ಕೆಣಕಿದಳು.

“ಇದು ಆಟ ಅಲ್ಲಮ್ಮಾ, ಅರ್ಜಿ ಟೈಪ್ ಮಾಡೋದು. ನಿನ್ನ ಕಸುಬು, ನೀನೇ ಗೆಲ್ತೀಯ.”

ಅವಳೇ ಅವನ ಜೇಬಿನಿಂದ ಪ್ಯಾಡ್ ತೆಗೆದು ಕಂಪ್ಯೂಟರಿಗೆ ಚುಚ್ಚಿಕೊಟ್ಟಳು. ಹಾಗೂ ಮಾಡಬಹುದೆಂದು ಆ ಮಹಾರಾಯನಿಗೆ ಹೊಳೆದೇ ಇರಲಿಲ್ಲ! “ತಗೋ, ಇನ್ನು ನೆಪ ಹೇಳ್ಬೇಡ,” ಎಂದಳು. ಆರು ವರ್ಷ ಪಳಗಿದ ಪ್ಯಾಡ್ ಕೈಯಲ್ಲಿದ್ದೂ ಮೂರು ಗೋಲಿನಿಂದ ಸೋತ.

ಅಂದು ಹಳೆಯ ಗೆಳೆಯನಾದ ನನ್ನೆದುರು ಉಗಾಲಿ ಮುದ್ದೆ ಮುರಿಯುತ್ತ, “ಕೈಗೇನೂ ಆಗಿಲ್ಲ ಕಣಯ್ಯಾ, ಬಾಯಿಗೇ ಕೆಲಸ ಇಲ್ಲ,” ಎಂದ. ನನಗೆ ನಿಜವಾಗಿಯೂ ಸಂಕಟವಾಯಿತು. ಅವನ ಅರ್ಧ ಆಟ ಬಾಯಲ್ಲಿತ್ತು. ಎಡಕ್ಕೆ ವಾಲಿ ಒಂದು ಮಾತು ಒಗೆದರೆ ಎದುರಾಳಿ ನಕ್ಕು ಚೆಂಡು ಬಿಡುತ್ತಿದ್ದ. ಈಗ ಎದುರಾಳಿ ಮೇಜಿನಾಚೆ, ಅದೂ ಕಿವಿ ಮುಚ್ಚಿಕೊಂಡು.

ಬಾಗಿಲ ಹೆಸರಿನ ಶನಿವಾರ ಬಂತು. ಅಂಗಡಿ ತುಂಬ ಜನ, ಒಲಾಂಗೊಗೆ ಎದುರಾಗಿ ಅಪೊಂಡಿ. ಇಬ್ಬರದೂ ಒಂದೊಂದು ಗೋಲಾಗಿ ಸಮವಾಗಿರುವಾಗ, ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆಯೆನ್ನುವಾಗ, ಒಲಾಂಗೊ ಎರಡನೆಯ ಗೋಲು ಹೊಡೆದ. ಹೊಡೆದವನು ಸುಮ್ಮನೆ ಕೂತಿದ್ದರೆ ಗೆದ್ದಿದ್ದ. ಪ್ಯಾಡ್ ಕೆಳಗಿಟ್ಟು ಎದ್ದ. “ಕೂತ್ಕೊಳೋ, ಆಟ ಓಡ್ತಾ ಇದೆ!” ಎಂದು ಅಕೆಯೊ ಅಕ್ಕ ಕೂಗಿದಳು. ಅವನು ಮೇಜು ಸುತ್ತಿ ಹೋಗಿ, ಅಪೊಂಡಿಯ ಹೆಡ್‌ಫೋನನ್ನು ಒಂದು ಕಿವಿಯಿಂದ ಎತ್ತಿ, ವಾಲಿ ಹೇಳಿದ: “ನಿನ್ನ ಗೋಲ್‌ಕೀಪರ್ ನಿಮ್ಮ ಕೋರ್ಟ್ ಗುಮಾಸ್ತ ಇದ್ದಂಗೆ ಕಣೇ, ಊಟಕ್ಕೆ ಹೋದೋನು ಬರಲೇ ಇಲ್ಲ!”

ಅವಳು ಬಿದ್ದು ಬಿದ್ದು ನಕ್ಕಳು; ಆದರೆ ಹತ್ತು ಬೆರಳೂ ಕೀಬೋರ್ಡ್ ಬಿಡಲಿಲ್ಲ. ಅವನು ಮರಳಿ ಕೂರುವಷ್ಟರಲ್ಲಿ ಎರಡು ಗೋಲು ಬಿದ್ದು ಆಟ ಮುಗಿದಿತ್ತು.

ಒಲಾಂಗೊ ಕೋಟಿನ ತೋಳಿನಿಂದ ತನ್ನ ಹೆಸರನ್ನು ಒರೆಸಿ, ಅಪೊಂಡಿಯ ಹೆಸರನ್ನು ದುಂಡಗೆ ಬರೆದ. ಮರುದಿನದಿಂದ ದಡಕ್ಕೆ ನೇರ ದಾರಿಯಲ್ಲೇ ಹೋಗತೊಡಗಿದ.

ಮುಂದಿನ ಶನಿವಾರ ಬರಲೊಲ್ಲೆನೆಂದವನನ್ನು ನಾನೇ ಎಳೆದುತಂದೆ. ನೋಡಿದರೆ ಹೆಡ್‌ಫೋನುಗಳು ಗೋಡೆಯ ಮೊಳೆಗೆ ನೇತಾಡುತ್ತಿವೆ. ಅಪೊಂಡಿ ತನ್ನ ಕಂಪ್ಯೂಟರನ್ನು ತಂತಿಸಮೇತ ಎಳೆದು ಅವನ ಜಾಗದ ಎಡಕ್ಕೆ ಇಟ್ಟುಕೊಂಡು ಕೂತಿದ್ದಾಳೆ. “ಬಾಣ್ಣಾ, ಒಂದು ವಾರದಿಂದ ನನ್ನನ್ನ ಯಾರೂ ಬೈದಿಲ್ಲ,” ಎಂದಳು.

ಆ ದಿನವೂ ಅವನು ಸೋತ, ನಗುತ್ತಲೇ ಸೋತ. ಆಟದ ನೆಪದಲ್ಲಿ ಪಕ್ಕದಲ್ಲೊಬ್ಬರನ್ನು ಕೂರಿಸಿಕೊಳ್ಳುವ ಇಂಥವರು ಎಲ್ಲ ಊರಿನಲ್ಲೂ ಇರುತ್ತಾರೆ. ಯಂತ್ರ ಯಾವುದಾದರೂ ಅವರು ಹೇಗೋ ಹೊಂದಿಕೊಳ್ಳುತ್ತಾರೆ. ಪಕ್ಕದ ಜಾಗ ಖಾಲಿಯಾದರೆ ಮಾತ್ರ ಅವರಿಗೆ ಕೈಕಾಲೇ ಆಡುವುದಿಲ್ಲ.